ಮೂರು ಬೆರಳಿನ ಹಸಿ

(ವಿನ್ನಿಪೆಗ್ ನಗರದಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ನಾನು ಮಾಡಿದ ಭಾಷಣದ ಬರಹರೂಪ ಇದು. ಅಂದು ಬರಲಾಗದ ಗೆಳೆಯರು ಕೇಳಿದ್ದರಿಂದ ಕಳುಹಿಸುತ್ತಿದ್ದೇನೆ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)



ಊಟವಾದ ಮೇಲೆ ಭಾಷಣ ಇಟ್ಟರೆ ಅದು ಭಾಷಣಕಾರನಿಗೆ ಪರೀಕ್ಷೆ. ಬಿಸಿಬೇಳೆಬಾತ್, ಮೊಸರನ್ನ ಎರಡೂ ಆದ ಮೇಲೆ "ಮಣ್ಣಿನ ತೇವಾಂಶ" ಎಂದು ಶುರುಮಾಡಿದರೆ ಏನಾಗುತ್ತದೆ ಎಂದು ಸಂಘಟಕರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ. ಅವರು, "ಪರವಾಗಿಲ್ಲ, ಕನ್ನಡದಲ್ಲೇ ಹೇಳಿ, ಸ್ಲೈಡ್ ತರಬೇಡಿ" ಎಂದರು. ಆದ್ದರಿಂದ ಸ್ಲೈಡ್ ತಂದಿಲ್ಲ. ಈ ಒಂದು ಸಣ್ಣ ತಗಡಿನ ಡಬ್ಬಿ ಮಾತ್ರ ತಂದಿದ್ದೇನೆ. ಇದರ ಕಥೆಯನ್ನು ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್, ದೂರಸಂಪರ್ಕ, ವೈದ್ಯಕೀಯ, ಬ್ಯಾಂಕು ಇಂಥ ಕಡೆ ಕೆಲಸ ಮಾಡುವವರು. ಆದರೆ ಒಂದು ತಲೆಮಾರು ಹಿಂದಕ್ಕೆ ಹೋದರೆ ಈ ಕೋಣೆಯಲ್ಲಿರುವ ಅರ್ಧದಷ್ಟು ಮಂದಿಯಾದರೂ ಹೊಲಮನೆಯವರೇ. ನಾನು ಗದಗ ಜಿಲ್ಲೆಯವನು. ನಮ್ಮದು ಎರಿ ಹೊಲ, ಅಂದರೆ ಕಪ್ಪು ಮಣ್ಣು. ನೀರಾವರಿ ಇಲ್ಲ. ಹಿಂಗಾರಿ ಜೋಳವೇ ಮನೆಯ ಅನ್ನ.

ಹಿಂಗಾರಿ ಜೋಳದ ವಿಶೇಷವೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ, ಉತ್ತರಿ ಮತ್ತು ಹಸ್ತ ಮಳೆಗಳ ಕಾಲದಲ್ಲಿ. ಬಿತ್ತಿದ ಮೇಲೆ ಸರಿಯಾದ ಮಳೆ ಮತ್ತೆ ಬರುವ ಖಾತ್ರಿ ಇಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಆ ಬೆಳೆ ಬದುಕುವುದು ಮಣ್ಣಿನಲ್ಲಿ ಮೊದಲೇ ಇಳಿದು ನಿಂತ ನೀರಿನ ಮೇಲೆ. ಆ ನೀರಿಗೆ ನಮ್ಮ ಕಡೆ "ಹಸಿ" ಅನ್ನುತ್ತಾರೆ. ಬಿತ್ತುವುದಕ್ಕೆ ಮಣ್ಣು ತಕ್ಕ ಸ್ಥಿತಿಗೆ ಬಂದರೆ "ಹದ" ಬಂತು ಅನ್ನುತ್ತಾರೆ. ಕೂರಿಗೆ ಹೂಡುವ ಮೊದಲು ನಮ್ಮಪ್ಪ ಹೊಲದ ನಾಲ್ಕು ಕಡೆ ಗುದ್ದಲಿಯಿಂದ ಅಗೆದು, ಗೇಣಿನ ಲೆಕ್ಕದಲ್ಲಿ ಹಸಿ ಎಲ್ಲಿಯವರೆಗೆ ಇಳಿದಿದೆ ಎಂದು ನೋಡುತ್ತಿದ್ದರು. ಮಣ್ಣನ್ನು ಮುಷ್ಟಿಯಲ್ಲಿ ಒತ್ತುತ್ತಿದ್ದರು. ಉಂಡೆ ಕಟ್ಟಿದರೆ ಸರಿ, ಪುಡಿಯಾಗಿ ಉದುರಿದರೆ ಕಾಯಬೇಕು. ಆ ಒಂದು ನಿರ್ಧಾರ ತಪ್ಪಿದರೆ ಬೀಜವೂ ಹೋಯಿತು, ವರ್ಷವೂ ಹೋಯಿತು.

ಅಪ್ಪ ಗುದ್ದಲಿಯಿಂದ ಮಾಡುತ್ತಿದ್ದ ಕೆಲಸವನ್ನೇ ನಾನು ಈ ದೇಶಕ್ಕೆ ಬಂದು ವಿಮಾನದ ಜೊತೆ ಮಾಡಿದೆ. ಅದು ಹೇಗೆ, ಅದರಿಂದ ಏನು ಸಿಕ್ಕಿತು, ನಮ್ಮ ನಾಡಿಗೆ ಅದರಿಂದ ಏನಾಗಬೇಕು ಎಂಬುದನ್ನು ಇಂದು ಹೇಳುತ್ತೇನೆ.

ಮೊದಲ ಪ್ರಶ್ನೆ: ಮಳೆ ಅಳೆದರೆ ಸಾಲದೇ? ಸಾಲದು. ಮಳೆಮಾಪಕ ಹೇಳುವುದು ಮೇಲಿನಿಂದ ಎಷ್ಟು ಬಿತ್ತು ಎಂದು. ಹರಿದು ಹಳ್ಳಕ್ಕೆ ಹೋದದ್ದೆಷ್ಟು, ಬಿಸಿಲಿಗೆ ಆರಿದ್ದೆಷ್ಟು, ಮಣ್ಣಿನಲ್ಲಿ ಉಳಿದದ್ದೆಷ್ಟು ಎಂದು ಅದು ಹೇಳುವುದಿಲ್ಲ. ಕರ್ನಾಟಕ ಮಳೆ ಅಳೆಯುವುದರಲ್ಲಿ ಹಿಂದೆ ಬಿದ್ದಿಲ್ಲ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮೂಲ 1988ರಷ್ಟು ಹಿಂದಿನದು. ಅದರ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹೋಗಿವೆ, 6,000ಕ್ಕೂ ಹೆಚ್ಚು ಇವೆ. ಆದರೆ ಬಿದ್ದ ಮಳೆ ಒಂದು, ಮಣ್ಣಿನಲ್ಲಿ ಉಳಿದ ನೀರು ಇನ್ನೊಂದು. ಬೆಳೆ ಕುಡಿಯುವುದು ಉಳಿದದ್ದನ್ನು.

ಉಳಿದದ್ದನ್ನು ನಿಖರವಾಗಿ ಅಳೆಯುವ ಹಳೆಯ ವಿಧಾನ ಬಹಳ ಸರಳ. ಇಷ್ಟೇ ಅಳತೆಯ ಮಣ್ಣು ಎಂದು ತೆಗೆದು ಇಂಥ ಡಬ್ಬಿಗೆ ಹಾಕಿ ತೂಗಬೇಕು. 105 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ 24 ಗಂಟೆ ಒಣಗಿಸಬೇಕು. ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಇದಕ್ಕಿಂತ ನಂಬಿಕೆಯ ವಿಧಾನ ಇಲ್ಲ. ತೊಂದರೆ ಏನೆಂದರೆ ಒಂದು ಡಬ್ಬಿ ಒಂದೇ ಜಾಗದ ಸುದ್ದಿ ಹೇಳುತ್ತದೆ. ಹತ್ತು ಹೆಜ್ಜೆ ಆಚೆ ಲೆಕ್ಕ ಬೇರೆ. ಇಡೀ ತಾಲೂಕಿಗೆ ಎಷ್ಟು ಡಬ್ಬಿ ಬೇಕು?

ಇಲ್ಲಿ ಮೈಕ್ರೋವೇವ್ ದೂರಸಂವೇದನೆ ನೆರವಿಗೆ ಬರುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ನೆನಪಾದರೆ ತಪ್ಪಿಲ್ಲ. ಎರಡು ಕಡೆಯೂ ಮುಖ್ಯ ಪಾತ್ರ ನೀರಿನದೇ. ಆದರೆ ಇಲ್ಲಿ ನಾವು ಮಣ್ಣನ್ನು ಬಿಸಿ ಮಾಡುವುದಿಲ್ಲ, ಅದು ತಾನಾಗಿ ಹೊರಡಿಸುವುದನ್ನು ಕೇಳಿಸಿಕೊಳ್ಳುತ್ತೇವೆ.

ಬಿಸಿ ಇರುವ ಪ್ರತಿ ವಸ್ತುವೂ ಅತಿ ಕ್ಷೀಣವಾಗಿ ಮೈಕ್ರೋವೇವ್ ಅಲೆಗಳನ್ನು ಹೊರಸೂಸುತ್ತಿರುತ್ತದೆ. ನಾನು, ನೀವು, ಈ ಮೇಜು, ಹೊರಗಿನ ಹೊಲ, ಎಲ್ಲವೂ. ಎಷ್ಟು ಸೂಸುತ್ತದೆ ಎಂಬುದು ವಸ್ತುವಿನ ಬಿಸಿಯ ಮೇಲೆ ಮಾತ್ರವಲ್ಲ, ಅದರ ವಿದ್ಯುತ್ ಗುಣದ ಮೇಲೂ ನಿಂತಿದೆ. ಎಂಜಿನಿಯರಿಂಗ್ ಓದಿದವರಿಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ನೆನಪಿರಬಹುದು. ಒಣ ಮಣ್ಣಿಗೆ ಅದು ಸುಮಾರು 3ರಿಂದ 4. ನೀರಿಗೆ ಸುಮಾರು 80. ಇಷ್ಟು ದೊಡ್ಡ ಅಂತರ ಇರುವುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅದು ಸೂಸುವ ಅಲೆ ಗಣನೀಯವಾಗಿ ಇಳಿಯುತ್ತದೆ. 300 ಕೆಲ್ವಿನ್ ಬಿಸಿಯ ಒಣ ಹೊಲ ರೇಡಿಯೋಮೀಟರಿಗೆ 285 ಕೆಲ್ವಿನ್ ಆಸುಪಾಸಿನಲ್ಲಿ ಕಂಡರೆ, ಅದೇ ಹೊಲ ಚೆನ್ನಾಗಿ ನೆನೆದಾಗ 180ರ ಹತ್ತಿರ ಕಾಣಬಹುದು. ಬರಿಯ ಹೊಲದಲ್ಲಿ ತೇವ ಶೇಕಡಾ 1 ಏರಿದರೆ ಸುಮಾರು 2ರಿಂದ 3 ಕೆಲ್ವಿನ್ ಇಳಿಯುತ್ತದೆ. ಅಳೆಯಲು ಇದು ಧಾರಾಳ ಸಾಕು.

ಇದಕ್ಕೆ ಹೆಚ್ಚಾಗಿ ಬಳಸುವುದು ಎಲ್ ಬ್ಯಾಂಡ್, ಅಂದರೆ 21 ಸೆಂಟಿಮೀಟರ್ ಉದ್ದದ ಅಲೆ, 1.4 ಗಿಗಾಹರ್ಟ್ಸ್. ಈ ಉದ್ದದ ಅಲೆಗೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನಡುಮಟ್ಟದ ಬೆಳೆಯ ಎಲೆಗಳ ಮೂಲಕವೂ ಅದು ಹಾದು ಬರುತ್ತದೆ. ಮಳೆಗಾಲದಲ್ಲಿ ಮೋಡ ಮುಚ್ಚಿದಾಗಲೇ ನಮಗೆ ಮಣ್ಣಿನ ಸುದ್ದಿ ಬೇಕು, ಕ್ಯಾಮೆರಾಕ್ಕೆ ಆಗ ಕಣ್ಣು ಕಾಣುವುದಿಲ್ಲ. ಆದ್ದರಿಂದ ಈ ದಾರಿ.

ದೂರಸಂಪರ್ಕದ ಗೆಳೆಯರಿಗೆ ಒಂದು ಮಾತು. 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಖಗೋಳ ವಿಜ್ಞಾನಿಗಳು ಜಲಜನಕದ ಸಂಕೇತ ಕೇಳುವುದೂ ಅಲ್ಲಿಯೇ. ಆದರೂ 2009ರ ನವೆಂಬರಿನಲ್ಲಿ ಯೂರೋಪಿನ ಸ್ಮಾಸ್ ಉಪಗ್ರಹ ಮೇಲೆ ಹೋದಾಗ ಯೂರೋಪ್, ಏಷ್ಯಾದ ಹಲವು ಭಾಗಗಳಲ್ಲಿ ಆ ಪಟ್ಟಿಯೊಳಗೆ ಗದ್ದಲವೋ ಗದ್ದಲ. ಮಣ್ಣಿನ ದನಿ ಅಷ್ಟು ಸಣ್ಣದು. ಕೆಟ್ಟ ಟ್ರಾನ್ಸ್‌ಮಿಟರ್ ಒಂದಿದ್ದರೆ ಸುತ್ತಲಿನ ಹತ್ತಾರು ಹಳ್ಳಿಗಳ ಹೊಲದ ಲೆಕ್ಕ ಕೆಡುತ್ತದೆ.

ಇನ್ನು ವಿಮಾನ ಏಕೆ ಬೇಕು? ಅಲೆ ಉದ್ದವಾದಷ್ಟೂ ವಿವರವಾಗಿ ನೋಡಲು ದೊಡ್ಡ ಆಂಟೆನಾ ಬೇಕು. 21 ಸೆಂಟಿಮೀಟರ್ ಅಲೆಯನ್ನು ಉಪಗ್ರಹದ ಎತ್ತರದಿಂದ ಕೇಳಿದರೆ, 6 ಮೀಟರ್ ಅಗಲದ ಆಂಟೆನಾ ಇದ್ದರೂ ನೆಲದ ಮೇಲೆ ಸಿಗುವುದು ಸುಮಾರು 40 ಕಿಲೋಮೀಟರ್ ಅಗಲದ ಒಂದು ಚುಕ್ಕೆ. ಅದೇ ಉಪಕರಣವನ್ನು ಸಣ್ಣದು ಮಾಡಿ, ಒಂದರಿಂದ ಮೂರು ಕಿಲೋಮೀಟರ್ ಎತ್ತರದಲ್ಲಿ ವಿಮಾನದಲ್ಲಿ ಹಾರಿಸಿದರೆ ಚುಕ್ಕೆ ಒಂದು ಹೊಲದ ಅಳತೆಗೆ ಇಳಿಯುತ್ತದೆ. ಆಗ ಆ ಹೊಲದಲ್ಲಿ ಮನುಷ್ಯರನ್ನು ನಿಲ್ಲಿಸಿ, ಅದೇ ಹೊತ್ತಿಗೆ ಮಣ್ಣು ತೆಗೆಸಿ, ಮೇಲಿನ ಲೆಕ್ಕವನ್ನೂ ಕೆಳಗಿನ ಲೆಕ್ಕವನ್ನೂ ತಾಳೆ ನೋಡಬಹುದು. ಡಬ್ಬಿಗೂ ಉಪಗ್ರಹಕ್ಕೂ ನಡುವಿನ ಮೆಟ್ಟಿಲು ವಿಮಾನ. ಅಮೆರಿಕದಲ್ಲಿ ನಾಸಾದವರು 1970ರ ದಶಕದ ಆರಂಭದಲ್ಲೇ ಅರಿಜೋನಾದ ಫೀನಿಕ್ಸ್ ಸುತ್ತಲಿನ ನೀರಾವರಿ ಹೊಲಗಳ ಮೇಲೆ ಇದನ್ನು ಶುರು ಮಾಡಿದರು. 1990ರ ದಶಕದಲ್ಲಿ ಓಕ್ಲಹೋಮಾದಲ್ಲಿ, 2002ರಲ್ಲಿ ಅಯೋವಾದ ಮೆಕ್ಕೆಜೋಳ, ಸೋಯಾ ಹೊಲಗಳ ಮೇಲೆ ಮಾಡಿದರು. ಆಸ್ಟ್ರೇಲಿಯಾದವರು 2005 ಮತ್ತು 2006ರಲ್ಲಿ ತಮ್ಮದೇ ಪುಟ್ಟ ವಿಮಾನ ಹಾರಿಸಿದರು.

2012ರಲ್ಲಿ ಸರದಿ ಬಂದದ್ದು ನಾವು ಕುಳಿತಿರುವ ಈ ಮ್ಯಾನಿಟೋಬಾಗೆ. ನಾಸಾ ಸ್ಮ್ಯಾಪ್ ಎಂಬ ಉಪಗ್ರಹ ಸಿದ್ಧಪಡಿಸುತ್ತಿತ್ತು. ಅದು ಹಾರುವ ಮೊದಲೇ ಅದರ ಲೆಕ್ಕಾಚಾರ ಸರಿಯಿದೆಯೇ ಎಂದು ನೋಡಲು ಕೆನಡಾದ ಕೃಷಿ ಇಲಾಖೆಯವರ ಜೊತೆ ಸೇರಿ ವಿನ್ನಿಪೆಗ್‌ನ ನೈಋತ್ಯಕ್ಕೆ, ಎಲ್ಮ್ ಕ್ರೀಕ್, ಕಾರ್ಮನ್ ಊರುಗಳ ಸುತ್ತ 55 ಹೊಲಗಳನ್ನು ಆರಿಸಿದರು. ಜೂನ್ ಆರಂಭದಿಂದ ಜುಲೈ ಮಧ್ಯದವರೆಗೆ ಸುಮಾರು ಆರು ವಾರ. ಟ್ವಿನ್ ಆಟರ್ ವಿಮಾನದಲ್ಲಿ ಒಂದು ಎಲ್ ಬ್ಯಾಂಡ್ ಉಪಕರಣ, ಗಲ್ಫ್‌ಸ್ಟ್ರೀಮ್ ಜೆಟ್‌ನಲ್ಲಿ ಒಂದು ರಾಡಾರ್. ಕೆಳಗೆ ಹೊಲದಲ್ಲಿ ನಮ್ಮಂಥ ವಿದ್ಯಾರ್ಥಿಗಳ ದಂಡು.

ಆ ಜಾಗವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಪೂರ್ವಕ್ಕೆ ಹೋದರೆ ಹಿಂದೊಮ್ಮೆ ಆಗಸ್ಸಿ ಎಂಬ ಮಹಾ ಸರೋವರದ ತಳವಾಗಿದ್ದ ಭಾರಿ ಜೇಡಿಮಣ್ಣು. ಪಶ್ಚಿಮಕ್ಕೆ ಹೋದಂತೆ ಮರಳು. ಬೆಳೆಗಳೂ ಹಲವು ಬಗೆ: ಗೋಧಿ, ಕನೋಲಾ, ಸೋಯಾ, ಮೆಕ್ಕೆಜೋಳ. ಜೂನ್‌ನಲ್ಲಿ ಬರಿಯ ನೆಲ, ಜುಲೈನಲ್ಲಿ ಎದೆಮಟ್ಟದ ಬೆಳೆ. ಉಪಕರಣಕ್ಕೆ ಎಲ್ಲ ಬಗೆಯ ಪರೀಕ್ಷೆಯೂ ಒಂದೇ ಕಡೆ.

ಮೊದಲ ದಿನ ಜೇಡಿ ಹೊಲಕ್ಕೆ ಕಾಲಿಟ್ಟಾಗ ನನಗೆ ಆಶ್ಚರ್ಯವಾಯಿತು. ಬೂಟಿಗೆ ಮೆತ್ತಿಕೊಂಡ ಆ ಕಪ್ಪು ಮಣ್ಣು, ಹೆಜ್ಜೆ ಹೆಜ್ಜೆಗೂ ಒಂದೊಂದು ಸೇರು ಭಾರ. ಒಣಗಿದಾಗ ಅದೇ ಬಿರುಕು. ಇಲ್ಲಿಯವರು ಅದಕ್ಕೆ "ಗಂಬೋ" ಎನ್ನುತ್ತಾರೆ. ನಾನು ಜೊತೆಗಿದ್ದವರಿಗೆ, "ಇದು ನಮ್ಮೂರ ಎರಿ ಮಣ್ಣು" ಎಂದೆ. ಅವರು ನಕ್ಕರು. ಆದರೆ ಅದು ತೀರಾ ತಮಾಷೆಯ ಮಾತಲ್ಲ. ನೆನೆದರೆ ಹಿಗ್ಗಿ, ಒಣಗಿದರೆ ಕುಗ್ಗಿ ಸೀಳುವ ಗುಣ ಎರಡಕ್ಕೂ ಒಂದೇ.

ಕೆಲಸ ಹೀಗಿತ್ತು. ಬೆಳಗ್ಗೆ ಬೇಗ ಹೊಲಕ್ಕೆ ಹೋಗುವುದು. ಒಂದು ಹೊಲದಲ್ಲಿ 16 ಗುರುತಿನ ಜಾಗ. ಪ್ರತಿ ಜಾಗದಲ್ಲೂ ಮುಳ್ಳುಗಳಿರುವ ಒಂದು ಉಪಕರಣವನ್ನು ಮಣ್ಣಿಗೆ ಚುಚ್ಚಿ ಮೂರು ಸಲ ಓದುವುದು. ಆ ಉಪಕರಣ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು ಡಬ್ಬಿಯಲ್ಲಿ ಮಣ್ಣು ತೆಗೆದು ಒಲೆಗೆ ಕಳುಹಿಸುವುದು. ತಲೆಯ ಮೇಲೆ ವಿಮಾನ ಸಾಲು ಹಿಡಿದು ಹೋಗಿ ಬರುತ್ತಿರುತ್ತದೆ, ಎತ್ತು ಹೂಡಿ ಹೊಲ ಉತ್ತಂತೆ. ನಾವು ತಲೆ ಎತ್ತುವ ಹಾಗಿಲ್ಲ, ಸೊಳ್ಳೆ ಬಿಡುವುದಿಲ್ಲ.

ಈಗ ಈ ಡಬ್ಬಿಯ ಕಥೆ. ಅಸಲು ಕೆಲಸ ಶುರುವಾಗುವ ಮುನ್ನ ಅಭ್ಯಾಸದ ಒಂದು ದಿನ ಇತ್ತು. ನಾನು ಮಣ್ಣು ತುಂಬಿದ ಕೆಲವು ಡಬ್ಬಿಗಳ ಮುಚ್ಚಳವನ್ನು ಸರಿಯಾಗಿ ಒತ್ತದೆ ಕಾರಿನ ಹಿಂದೆ ಇಟ್ಟು, ಊಟ ಮುಗಿಸಿ ಬಂದೆ. ಬಿಸಿಲಿಗೆ ಕಾರು ಕಾದಿತ್ತು. ಮರುದಿನ ಒಲೆಯಿಂದ ತೆಗೆದು ತೂಗಿದಾಗ ನನ್ನ ಡಬ್ಬಿಗಳ ಲೆಕ್ಕ ಪಕ್ಕದವಳ ಲೆಕ್ಕಕ್ಕಿಂತ ಶೇಕಡಾ 4ರಷ್ಟು ಕಡಿಮೆ. ಅದು ದೊಡ್ಡದೇನಲ್ಲ ಅನಿಸಬಹುದು. ಆದರೆ ಸ್ಮ್ಯಾಪ್ ಉಪಗ್ರಹಕ್ಕೆ ಹಾಕಿಕೊಂಡಿದ್ದ ನಿಖರತೆಯ ಗುರಿಯೇ ಆ ಶೇಕಡಾ 4. ಕೋಟಿಗಟ್ಟಲೆ ಡಾಲರಿನ ಉಪಗ್ರಹಕ್ಕೆ ಕೊಟ್ಟಿದ್ದ ಪೂರ್ತಿ ರಿಯಾಯಿತಿಯನ್ನು ನನ್ನ ಒಂದು ಸಡಿಲ ಮುಚ್ಚಳ ತಿಂದುಹಾಕಿತ್ತು.

ನಮ್ಮ ತಂಡದ ಹಿರಿಯರು ಬೈಯಲಿಲ್ಲ. ನೋಟುಬುಕ್ಕು ಕೊಟ್ಟು, "ಏನಾಯಿತು ಎಂದು ಹಾಗೆಯೇ ಬರೆ" ಎಂದರು. ಅವರು ಹೇಳಿದ ಇನ್ನೊಂದು ಮಾತು ನನಗೆ ಇಂದಿಗೂ ನೆನಪಿದೆ: ಮುಚ್ಚಳ ಸಡಿಲಿತ್ತೆಂದು ಒಲೆಗೂ ಗೊತ್ತಿಲ್ಲ, ತಕ್ಕಡಿಗೂ ಗೊತ್ತಿಲ್ಲ, ಉಪಗ್ರಹಕ್ಕಂತೂ ಗೊತ್ತೇ ಇಲ್ಲ, ಗೊತ್ತಿರುವುದು ನಿನಗೆ ಮಾತ್ರ. ಆ ದಿನದ ಒಂದು ಖಾಲಿ ಡಬ್ಬಿಯನ್ನು ನೆನಪಿಗೆ ಇಟ್ಟುಕೊಂಡಿದ್ದೇನೆ. ಇದೇ ಅದು.

ಆ ವಾರ ಊರಿಗೆ ಫೋನ್ ಮಾಡಿದೆ. ಅಪ್ಪ ಕೇಳಿದರು, "ಏನ್ ಕೆಲಸ ನಡದೈತಿ ತಮ್ಮಾ ಅಲ್ಲಿ?"

"ಯಪ್ಪಾ, ವಿಮಾನದಿಂದ ಹೊಲದ ಹಸಿ ಅಳಿಯಾಕತ್ತೀವಿ."

"ನೀ ಏನ್ ಮಾಡ್ತಿ, ವಿಮಾನದಾಗ ಕುಂದರ್ತಿಯೇನು?"

"ಇಲ್ಲ, ನಾ ಕೆಳಗ ಹೊಲದಾಗ ಮಣ್ಣ ತಗೀತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಇಲ್ಲೇ ಮಾಡಬೌದಿತ್ತಲ್ಲೋ" ಅಂದರು.

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಆದರೆ ಅವರ ಮುಂದಿನ ಪ್ರಶ್ನೆಗೆ ನಗಲಾಗಲಿಲ್ಲ. "ಆ ವಿಮಾನಕ್ಕ ಎಷ್ಟು ಗೇಣಿನ ತನಕ ಕಾಣತೈತಿ?" ಎಂದರು. ನಾನು, "ಮೂರು ಬೆರಳು" ಎಂದೆ. ನಿಜವೂ ಅಷ್ಟೇ. ಎಲ್ ಬ್ಯಾಂಡ್ ಅಲೆ ಹೇಳುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನ ಸುದ್ದಿ. ಅಪ್ಪ ಅಂದರು, "ಜ್ವಾಳದ ಬೇರು ಮೂರು ಬೆರಳಿನಾಗ ಇರತೈತೇನಪಾ?"

ಸ್ನೇಹಿತರೇ, ಈ ಕ್ಷೇತ್ರದ ದೊಡ್ಡ ಪ್ರಶ್ನೆಯೇ ಅದು. ಎರಿ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ರೈತ ಎಡೆಕುಂಟೆ ಹೊಡೆಯುತ್ತಾನೆ. ಕಳೆ ತೆಗೆಯುವುದಕ್ಕೆ ಮಾತ್ರವಲ್ಲ, ಮೇಲಿನ ಮಣ್ಣು ಪುಡಿಯಾಗಿ ಒಣಗಿ, ಬಿರುಕು ಮುಚ್ಚಿ, ಕೆಳಗಿನ ಹಸಿ ಆರದಂತೆ ಹೊದಿಕೆಯಾಗಲಿ ಎಂದು. ಆಗ ಮೇಲಿನ ಮೂರು ಬೆರಳು ಒಣಗಿರುತ್ತದೆ, ಕೆಳಗೆ ಹಸಿ ಇರುತ್ತದೆ. ಉಪಗ್ರಹಕ್ಕೆ ಬರಗಾಲ ಕಾಣುತ್ತದೆ. ಇದರ ತಿರುಗುಮುರುಗೂ ಆಗುತ್ತದೆ. ನವೆಂಬರಿನಲ್ಲಿ ಒಂದು ತುಂತುರು ಬಿದ್ದರೆ ಮೇಲಿನ ಮೂರು ಬೆರಳು ನೆನೆಯುತ್ತದೆ, ಬೇರಿರುವ ಕಡೆ ನೀರಿಲ್ಲ. ಆ ಬೆಳಗ್ಗೆ ಉಪಗ್ರಹ ಹಾದುಹೋದರೆ ನಕ್ಷೆ ನೀಲಿಯಾಗಿ ಕಾಣುತ್ತದೆ, ಬೆಳೆ ಮಾತ್ರ ಬಾಡುತ್ತಿರುತ್ತದೆ.

ಇನ್ನೊಂದು ತೊಡಕು ಮಣ್ಣಿನ ಜಾತಿಯದು. ನೂರು ಲೋಟ ಮಣ್ಣಿನಲ್ಲಿ 15 ಲೋಟ ನೀರಿದ್ದರೆ ಮರಳುಮಣ್ಣಿನಲ್ಲಿ ಬೆಳೆ ಸುಖವಾಗಿರುತ್ತದೆ. ಭಾರಿ ಜೇಡಿಯಲ್ಲಿ 25 ಲೋಟ ನೀರಿದ್ದರೂ ಬೆಳೆ ಬಾಡಬಹುದು. ಜೇಡಿಯ ನುಣುಪು ಕಣಗಳು ನೀರನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತವೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಗದಗ ಜಿಲ್ಲೆಯಲ್ಲಿ ಎರಿ ಹೊಲದ ಪಕ್ಕದಲ್ಲೇ ಮಸಾರಿ ಹೊಲ ಇರುತ್ತದೆ. ಒಂದೇ ಸಂಖ್ಯೆ ಎರಡು ಹೊಲಕ್ಕೆ ಎರಡು ಅರ್ಥ.

ವಿಜ್ಞಾನಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಮೇಲ್ಪದರ ಮಳೆಯ ಬಳಿಕ ಎಷ್ಟು ಬೇಗ ಒಣಗುತ್ತದೆ ಎಂಬುದನ್ನು ಮತ್ತೆ ಮತ್ತೆ ನೋಡಿ, ಮಳೆ ಮತ್ತು ಮಣ್ಣಿನ ಗುಣದ ಲೆಕ್ಕದ ಜೊತೆ ಬೆರೆಸಿ, ಒಂದು ಮೀಟರ್ ಆಳದವರೆಗಿನ ತೇವವನ್ನು ಅಂದಾಜು ಮಾಡುವ ಮಾದರಿಗಳಿವೆ. ಸ್ಮ್ಯಾಪ್‌ನ ಮಾಹಿತಿಯಲ್ಲಿ ಅಂಥ ಅಂದಾಜೂ ಸಿಗುತ್ತದೆ. ಆದರೆ ಮಾದರಿಗೆ ಮಣ್ಣಿನ ಗುಣ ಗೊತ್ತಿರಬೇಕು, ಆ ಅಂದಾಜನ್ನು ಒರೆಗೆ ಹಚ್ಚಲು ಆ ಮಣ್ಣಿನಲ್ಲಿ ಯಾರಾದರೂ ಅಗೆದಿರಬೇಕು. ಅಗೆಯದ ಕಡೆ ಅಂದಾಜು ಅಂದಾಜಾಗಿಯೇ ಉಳಿಯುತ್ತದೆ.

ಸ್ಮ್ಯಾಪ್ 2015ರ ಜನವರಿ 31ರಂದು ಹಾರಿತು. ಅದರಲ್ಲಿ ಎರಡು ಉಪಕರಣ: ಕೇಳಿಸಿಕೊಳ್ಳುವ ರೇಡಿಯೋಮೀಟರ್, ತಾನೇ ಅಲೆ ಕಳುಹಿಸಿ ಮಾರ್ದನಿ ಹಿಡಿಯುವ ರಾಡಾರ್. ರಾಡಾರ್‌ಗೆ ಸೂಕ್ಷ್ಮ ವಿವರ ಕಾಣುತ್ತದೆ, ಆದರೆ ಬೆಳೆ ಮತ್ತು ನೆಲದ ಏರುತಗ್ಗು ಅದನ್ನು ಹೆಚ್ಚು ದಾರಿ ತಪ್ಪಿಸುತ್ತವೆ. ಎರಡನ್ನೂ ಕೂಡಿಸಿದರೆ ಎರಡರ ಗುಣವೂ ಸಿಗಲಿ ಎಂಬುದು ಯೋಜನೆ. ಆ ವರ್ಷ ಜುಲೈ 7ರಂದು ರಾಡಾರ್ ನಿಂತುಹೋಯಿತು. ರೇಡಿಯೋಮೀಟರ್ ಮಾತ್ರ ಕೆಲಸ ಮುಂದುವರಿಸಿತು. ಅದರ 40 ಕಿಲೋಮೀಟರ್ ಚುಕ್ಕೆಯನ್ನು ನಮ್ಮ ನಾಡಿನ ಮೇಲೆ ಇಟ್ಟು ನೋಡಿ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ತಾಲೂಕುಗಳು ಸುಮಾರು 240. ಒಂದು ತಾಲೂಕಿಗೆ ಸರಾಸರಿ 800 ಚದರ ಕಿಲೋಮೀಟರ್. ಆ ಒಂದು ಚುಕ್ಕೆ ಒಂದು ತಾಲೂಕಿಗಿಂತ ದೊಡ್ಡದು!

ಇದರಲ್ಲಿ ನಮಗೇನು ಎಂದು ನೀವು ಕೇಳಬಹುದು. ಭಾರತ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಬರ ಘೋಷಣೆಗೆ ನೋಡಬೇಕಾದ ಸೂಚಕಗಳ ಪಟ್ಟಿಯಿದೆ. ಮಳೆ, ಬಿತ್ತನೆ, ಬೆಳೆಯ ಹಸಿರು, ನೀರಿನ ಸಂಗ್ರಹಗಳ ಜೊತೆಗೆ ಮಣ್ಣಿನ ತೇವಾಂಶವೂ ಅದರಲ್ಲಿ ಒಂದು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಪರಿಹಾರ ಯಾರಿಗೆ, ಯಾವ ತಾಲೂಕು ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನಕ್ಕೆ ಇಂಥ ಸಂಖ್ಯೆಗಳು ಮೇಜಿನ ಮೇಲೆ ಬರುತ್ತವೆ. ಕೈಪಿಡಿಯೇ ಹಳ್ಳಿಗೆ ಹೋಗಿ ಕಣ್ಣಾರೆ ನೋಡಬೇಕೆಂದೂ ಹೇಳುತ್ತದೆ, ಅದು ಒಳ್ಳೆಯದು. ಆದರೆ ನಕ್ಷೆಯ ಬಣ್ಣಕ್ಕೆ ಒಂದು ಅಧಿಕಾರ ಇರುತ್ತದೆ. ರೈತನ ಮುಷ್ಟಿಯಲ್ಲಿ ಮಣ್ಣು ಉದುರಿದ್ದು ಯಾವ ಕಡತಕ್ಕೂ ಸೇರುವುದಿಲ್ಲ.

ಹಾಗೆಂದು ನಾನು ಉಪಗ್ರಹ ಬೇಡವೆಂದು ಹೇಳುತ್ತಿಲ್ಲ. ಹೇಳಿದರೆ ನನ್ನ ಕೆಲಸಕ್ಕೇ ಕಲ್ಲು ಹಾಕಿಕೊಂಡಂತೆ. ನಾನು ಹೇಳುವುದು ಇಷ್ಟೇ: ಮೇಲಿನಿಂದ ಬಂದ ಸಂಖ್ಯೆಯನ್ನು ನಂಬಬೇಕಾದರೆ ಕೆಳಗೆ ಯಾರೋ ಮಣ್ಣು ಅಗೆದು, ಮುಚ್ಚಳ ಸರಿಯಾಗಿ ಹಾಕಿ, ತಪ್ಪಾದರೆ ತಪ್ಪೆಂದು ಬರೆದಿರಬೇಕು.

ಕರ್ನಾಟಕದಲ್ಲಿ ಇದು ನಡೆದೇ ಇಲ್ಲವೆಂದಲ್ಲ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿ ಬೇರಂಬಾಡಿ ಎಂಬ ಊರಿದೆ. ಅಲ್ಲಿನ ಸುಮಾರು 84 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಸೇರಿ ಹಲವು ವರ್ಷ ಹೊಲಗಳಿಗೆ ಹೋಗಿ ಮಣ್ಣಿನ ತೇವ ಅಳೆದಿದ್ದಾರೆ. ಸುಮಾರು 50 ಹೊಲಗಳಲ್ಲಿ, ಉಪಗ್ರಹ ಹಾದುಹೋಗುವ ದಿನಗಳಿಗೆ ಹೊಂದಿಸಿಕೊಂಡು. ಅವರು ಹೋಲಿಸಿ ನೋಡಿದ ಉಪಗ್ರಹಗಳಲ್ಲಿ ನಮ್ಮ ಈ ಕೆನಡಾದ ರಾಡಾರ್‌ಸ್ಯಾಟ್-2 ಕೂಡ ಒಂದು. ಅರಿಶಿನ, ಚೆಂಡುಹೂ ಬೆಳೆಯುವ ಆ ಹೊಲಗಳ ಹೆಸರು ಇಂದು ಜಗತ್ತಿನ ಜಲವಿಜ್ಞಾನಿಗಳಿಗೆ ಗೊತ್ತು. ಅದು ಹೆಮ್ಮೆಯ ಸಂಗತಿ. ಆದರೆ ಬೇರಂಬಾಡಿ ದಕ್ಷಿಣದ ತುದಿ. ಗದಗ, ವಿಜಯಪುರ, ರಾಯಚೂರಿನ ಎರಿ ಭೂಮಿಗೂ ಅಂಥ ಶ್ರದ್ಧೆಯ, ವರ್ಷಗಟ್ಟಲೆಯ ಅಗೆತ ಬೇಕು.

ಈಗ ಕಾಲವೂ ಕೂಡಿ ಬಂದಿದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನೈಸಾರ್ ಉಪಗ್ರಹ ಹಾರಿತು. ನಾಸಾದ ಎಲ್ ಬ್ಯಾಂಡ್ ರಾಡಾರ್, ಇಸ್ರೋದ ಎಸ್ ಬ್ಯಾಂಡ್ ರಾಡಾರ್, 12 ಮೀಟರಿನ ಆಂಟೆನಾ. ಎರಡನ್ನೂ ಉಪಗ್ರಹಕ್ಕೆ ಜೋಡಿಸಿದ್ದು ಬೆಂಗಳೂರಿನಲ್ಲಿ. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಮರಳಿ ಬರುತ್ತದೆ. 40 ಕಿಲೋಮೀಟರಿನ ಬದಲು ಸುಮಾರು 200 ಮೀಟರಿನ ವಿವರದಲ್ಲಿ ಮಣ್ಣಿನ ತೇವದ ನಕ್ಷೆ ಕೊಡುವುದು ಅದರ ಉದ್ದೇಶಗಳಲ್ಲಿ ಒಂದು. ಅಂದರೆ ತಾಲೂಕಿನ ಲೆಕ್ಕದಿಂದ ಹೊಲದ ಲೆಕ್ಕಕ್ಕೆ ಇಳಿಯಬಹುದು. ಆದರೆ ಅದೂ ನೋಡುವುದು ಮೂರು ಬೆರಳಿನ ಹಸಿಯನ್ನೇ. ವಿವರ ಹೆಚ್ಚಾದಷ್ಟೂ ಕೆಳಗಿನ ಡಬ್ಬಿಗಳ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ದೂರದೇಶದಲ್ಲಿರುವ ನಮ್ಮಿಂದ ಏನು ಸಾಧ್ಯ? ಮೂರು ಸಣ್ಣ ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಬರದ ಚರ್ಚೆ ಬಂದಾಗ, ಪತ್ರಿಕೆಯಲ್ಲಿ ಬಣ್ಣದ ನಕ್ಷೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಎಷ್ಟು ಆಳದ ತೇವ? ಒಂದು ಚುಕ್ಕೆ ಎಷ್ಟು ಅಗಲ? ಇದನ್ನು ತಾಳೆ ನೋಡಲು ಎಲ್ಲಿ ಅಗೆದರು? ಇದಕ್ಕೆ ವಿಜ್ಞಾನಿ ಆಗಬೇಕಿಲ್ಲ.

ಎರಡನೆಯದು, ಊರಿನ ಶಾಲೆಗೆ ದೇಣಿಗೆ ಕೊಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಕಂಪ್ಯೂಟರ್ ಕೊಡಿ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ತಕ್ಕಡಿ, ಒಂದು ಒಣಗಿಸುವ ಒಲೆ, ಇಂಥ ಮೂವತ್ತು ಡಬ್ಬಿ, ಒಂದು ನೋಟುಬುಕ್ಕು ಕೊಡಿ. ಗ್ಲೋಬ್ ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳೇ ಸ್ಮ್ಯಾಪ್ ಉಪಗ್ರಹಕ್ಕೆ ಮಣ್ಣಿನ ತೇವ ಅಳೆದು ಕೊಟ್ಟಿದ್ದಾರೆ. ನಮ್ಮ ಹಳ್ಳಿಯ ಮಕ್ಕಳಿಗೆ ಅದು ಕಷ್ಟವಲ್ಲ. ಅವರು ಮೂರು ಬೆರಳಿಗೆ ನಿಲ್ಲದೆ ಒಂದು ಗೇಣು, ಎರಡು ಗೇಣಿನಲ್ಲೂ ತೆಗೆಯಲಿ. ಕೃಷಿ ವಿಶ್ವವಿದ್ಯಾಲಯದವರು ದಾರಿ ತೋರಿಸಿದರೆ ಆ ನೋಟುಬುಕ್ಕಿಗೆ ಬೆಲೆ ಬರುತ್ತದೆ.

ಮೂರನೆಯದು, ಮಾತು. "ಮೃತ್ತಿಕಾ ಆರ್ದ್ರತೆ" ಎಂದು ವರದಿ ಬರೆದರೆ ರೈತ ಅದನ್ನು ಮುಟ್ಟುವುದಿಲ್ಲ. "ಹಸಿ ಇಷ್ಟು ಇಳಿದಿದೆ, ಹದ ಬಂದಿದೆ" ಎಂದು ಬರೆದರೆ, ತಪ್ಪಿದ್ದರೆ ಅವನೇ ತಿದ್ದುತ್ತಾನೆ. ಆ ತಿದ್ದುಪಡಿಯೇ ನಮಗೆ ಬೇಕಾದದ್ದು.

ಕಳೆದ ಹಸ್ತ ಮಳೆಯ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿದ್ದೆ. ನನ್ನ ಮುಂದೆ ಪರದೆಯಲ್ಲಿ ನಮ್ಮ ತಾಲೂಕಿನ ನಕ್ಷೆ ಇತ್ತು, ಚೆನ್ನಾಗಿಯೇ ನೀಲಿಯಾಗಿತ್ತು. "ಯಪ್ಪಾ, ಹಸಿ ಛಲೋ ಐತಿ ಅನಸ್ತೈತಿ, ಬಿತ್ತಾಕ ಅಡ್ಡಿಯಿಲ್ಲ" ಎಂದೆ. ಅವರು, "ತಡಿ, ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟರು. ಸಂಜೆ ತಾವೇ ಕರೆ ಮಾಡಿ, "ಮ್ಯಾಲ ಐತಿ, ಕೆಳಗ ಒಂದು ಗೇಣಿನ ಮ್ಯಾಲ ಇಲ್ಲ. ಇನ್ನೊಂದು ಮಳಿ ಕಾಯೂಣು" ಎಂದರು.

ನಾನು ಆ ಮಾತನ್ನು, ದಿನಾಂಕದ ಸಮೇತ, ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನಕ್ಷೆಯ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಬರೆದೆ.